ಸಣ್ಣ ಅಕ್ಕಾರು ಇಂಗ್ಲಿಷ್ ಕಲಿಸಲು ಬಂದದ್ದು

ಬೇರೆ ಊರುಗಳಿಗೆ ಇಂಗ್ಲಿಷ್ ಕಲಿಸಲು ಹೋದವರು ಕಲಿಸಿ ವಾಪಸು ಹೋಗುತ್ತಾರೆ. ರಾಣೇಬೆನ್ನೂರಿಗೆ ಬಂದವರಿಗೆ ಮಾತ್ರ ಪ್ರತಿ ಸಲವೂ ಬೇರೆ ಏನಾದರೊಂದು ಆಗುತ್ತದೆ. ನನಗೇ ಆಗಿದೆ. ನಾನು ಹುಟ್ಟಿದ್ದು ಮಂಗಳೂರಿನ ಆಚೆ, ಹಿತ್ತಲ ಬಾಗಿಲು ತೆಗೆದರೆ ಸಮುದ್ರ ಕಾಣುವ ಮನೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದೆ, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ, ನಿವೃತ್ತಳಾದೆ, ಅಜ್ಜಿಯೂ ಆದೆ. ಇಷ್ಟೆಲ್ಲ ಕಲಿಸಿದ್ದರಿಂದ ಊರಿಗೆ ಇಂಗ್ಲಿಷ್ ಬಂತೋ ಇಲ್ಲವೋ ಹೇಳಲಾರೆ, ನನಗೆ ಜೋಳದ ರೊಟ್ಟಿ ಬಡಿಯಲು ಬಂತು.

ಕಳೆದ ಚಳಿಗಾಲ ನಮ್ಮ ಚರ್ಚಿಗೆ ಸ್ಕಾಟ್ಲೆಂಡಿನಿಂದ ಒಬ್ಬ ಹುಡುಗಿ ಬಂದಳು. ಅಲ್ಲಿಯ ಒಂದು ಸಣ್ಣ ಚರ್ಚಿನವರು ಅವಳನ್ನು ಕಳಿಸಿದ್ದರು. ಸಂಜೆ ಹೊತ್ತು ಬೈಬಲ್ಲಿನ ಒಂದು ಕಥೆಯನ್ನು ಸರಳ ಇಂಗ್ಲಿಷಿನಲ್ಲಿ ಓದುವುದು, ಆಮೇಲೆ ಆ ಕಥೆಯ ಬಗ್ಗೆ ಎಲ್ಲರೂ ಇಂಗ್ಲಿಷಿನಲ್ಲಿ ಹರಟೆ ಹೊಡೆಯುವುದು, ಇದು ಅವಳ ಪಾಠದ ಕ್ರಮ. ಯಾವ ಧರ್ಮದವರಾದರೂ ಬರಬಹುದು, ಯಾರನ್ನೂ ಏನೂ ಕೇಳುವುದಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ಬಂದವರಲ್ಲಿ ಮೂವರು ಮುಖ್ಯರು. ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರು, ಹೊರದೇಶದ ಗಿರಾಕಿಗಳ ಜೊತೆ ಮಾತಾಡುವ ಆಸೆ. ಇನ್ನೊಬ್ಬ ಅಗಡಿಯ ಬಸ್ ಕಂಡಕ್ಟರು, ಮನೆಗೆ ಹೊಲವೂ ಉಂಟು. ಮೂರನೆಯವಳು ಐರಣಿಯ ದೊಡ್ಡವ್ವ. ಮೊಮ್ಮಗಳನ್ನು ಸೇರಿಸಲು ಬಂದವಳು, ಮೊಮ್ಮಗಳು ಎರಡನೇ ದಿನವೇ ಬಿಟ್ಟರೂ ತಾನು ಬಿಡಲಿಲ್ಲ. ನನ್ನದು ದುಭಾಷಿ ಕೆಲಸ. ಇಲ್ಲಿ ಟೀಚರಿಗೆ ಅಕ್ಕಾರು ಎನ್ನುತ್ತಾರೆ. ಹಾಗಾಗಿ ನಾನು ದೊಡ್ಡ ಅಕ್ಕಾರು, ಅವಳು ಸಣ್ಣ ಅಕ್ಕಾರು.

ಸಣ್ಣ ಅಕ್ಕಾರಿಗೆ ಒಂದೇ ಚಿಂತೆ. ಕೊನೆಯ ಭಾನುವಾರ ಅವಳ ಚರ್ಚಿನವರು ವಿಡಿಯೋ ಕರೆಯಲ್ಲಿ ನಮ್ಮ ವರ್ಗವನ್ನು ನೋಡುವವರಿದ್ದರು. ನಮ್ಮವರು ಇಂಗ್ಲಿಷಿನಲ್ಲಿ ಮಾತಾಡಿದರೆ ಬರುವ ವರ್ಷವೂ ಅವಳನ್ನು ಕಳಿಸುತ್ತಾರೆ, ಇಲ್ಲವಾದರೆ ವರ್ಗ ಅಲ್ಲಿಗೇ ಮುಗಿಯಿತು. ಅವಳಿಗೆ ಈ ಊರು ಬಂದ ವಾರದಲ್ಲೇ ಹಿಡಿಸಿಬಿಟ್ಟಿತ್ತು. "ಹತ್ತು ನಿಮಿಷ ಮಾತಾಡಿದರೆ ಸಾಕು," ಎಂದು ನನ್ನ ಕೈ ಹಿಡಿದು ಹೇಳಿದಳು. ಹತ್ತು ನಿಮಿಷ ಏನು ಮಹಾ ಎಂದುಕೊಂಡೆ ನಾನು.

ಎತ್ತು ಎಲ್ಲಿ ಕಟ್ಟೀದಿ?

ಮೊದಲ ದಿನ ಹೊಸ ಒಡಂಬಡಿಕೆಯ ಮೊದಲ ಪುಟ ತೆಗೆದಳು. ಆ ಪುಟದಲ್ಲಿ ಕಥೆ ಇಲ್ಲ, ವಂಶಾವಳಿ ಇದೆ. ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ಸಾಲುಸಾಲು ಹೆಸರು. "ಇದು ಬೇಸರ, ಬಿಟ್ಟು ಮುಂದೆ ಹೋಗೋಣ," ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು.

"ಬಿಡಬಾರದು!" ಎಂದಳು ದೊಡ್ಡವ್ವ. "ಹಿರೇರ ಹೆಸರು ಅರ್ಧಕ್ಕ ಬಿಡ್ತಾರೇನು? ಓದಂತ ಹೇಳ್ರಿ ಅಕ್ಕಾರ."

ಹುಡುಗಿ ಓದಿದಳು. ಒಂದೊಂದು ಹೆಸರಿಗೂ ದೊಡ್ಡವ್ವ "ಹೂಂ" ಎಂದಳು. ಎರಡನೇ ಸಾಲಿಗೆ ಕಂಡಕ್ಟರೂ "ಹೂಂ" ಎಂದ. ನಾಲ್ಕನೇ ಸಾಲಿಗೆ ಇಡೀ ವರ್ಗ ಹೂಂಗುಟ್ಟುತ್ತಿತ್ತು. ಇಷ್ಟು ಗಮನವಿಟ್ಟು ಆ ಪುಟವನ್ನು ಅವಳ ಚರ್ಚಿನಲ್ಲಿ ಯಾರೂ ಕೇಳಿರಲಿಲ್ಲವಂತೆ.

ಮರುದಿನ ದೊಡ್ಡವ್ವ ಮೊರದ ತುಂಬ ಜೋಳ, ಮೇಲೊಂದು ಕುಪ್ಪಸದ ಕಣ ಇಟ್ಟುಕೊಂಡು ಬಂದಳು. ಹುಡುಗಿಯ ಮುಂದೆ ಇಟ್ಟು, "ಈಗ ನಮ್ಮದು ತೆಗಿ ಮಗಳ," ಎಂದಳು.

ಆಗ ನನಗೆ ಹೊಳೆಯಿತು. ಈ ಕಡೆ ಹೆಳವರು ಎಂದು ಇದ್ದಾರೆ. ಆಗೊಮ್ಮೆ ಈಗೊಮ್ಮೆ ಎತ್ತಿನ ಜೊತೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಹೆಸರು ಹೇಳಿ, ಕಾಳು ಬಟ್ಟೆ ಪಡೆದು ಹೋಗುವವರು. ದೊಡ್ಡವ್ವ ಈ ಹುಡುಗಿಯನ್ನು ಅವರ ಪೈಕಿ ಎಂದೇ ತಿಳಿದಿದ್ದಳು.

"ದೊಡ್ಡವ್ವ, ನಿಮ್ಮ ಮನೆತನ ಈ ಪುಸ್ತಕದಲ್ಲಿ ಇಲ್ಲ," ಎಂದೆ.

"ಇಷ್ಟು ದಪ್ಪ ಐತಿ, ಎಲ್ಲೋ ಒಂದು ಕಡೆ ಇರ್ತೈತಿ. ಲಗೂನ ಹುಡುಕು ಅನ್ರಿ."

ಹುಡುಗಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಜೋಳವನ್ನು ಎರಡೂ ಕೈಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, ತಾನು ಆ ಪೈಕಿ ಅಲ್ಲ, ಬರೀ ಇಂಗ್ಲಿಷ್ ಟೀಚರ್ ಎಂದಳು. ನಾನು ಅದನ್ನು ಕನ್ನಡದಲ್ಲಿ ನಿಧಾನವಾಗಿ ಎರಡು ಸಲ ಹೇಳಿದೆ. ದೊಡ್ಡವ್ವ ತಾಳ್ಮೆಯಿಂದ ಕೇಳಿದಳು, ತಲೆ ಆಡಿಸಿದಳು, ಎಲ್ಲ ತಿಳಿಯಿತು ಎಂಬಂತೆ ಎದ್ದು ಬಾಗಿಲ ಹೊರಗೆ ಇಣುಕಿ ನೋಡಿದಳು.

"ಅದು ಇರ್ಲಿ. ಎತ್ತು ಎಲ್ಲಿ ಕಟ್ಟೀದಿ ಮಗಳ? ನೀರು ಕುಡದೈತೋ ಇಲ್ಲೋ?"

ಕರೆಯುವ ರೀತಿ ಅದಲ್ಲ

ಒಂದು ವಾರ ಕಳೆಯಿತು. ಇಂಗ್ಲಿಷ್ ಯಾರ ಬಾಯಿಂದಲೂ ಹೊರಡಲಿಲ್ಲ. ಹುಡುಗಿ ಸುಲಭದ ಕಥೆ ಆರಿಸಿದಳು. ಒಬ್ಬ ಯಜಮಾನ ದೊಡ್ಡ ಊಟ ಮಾಡಿಸಿ, ಊಟದ ಹೊತ್ತಿಗೆ ಆಳನ್ನು ಕಳಿಸಿ ಮಂದಿಯನ್ನು ಕರೆಯುತ್ತಾನೆ. ಒಬ್ಬ, ಹೊಲ ಕೊಂಡಿದ್ದೇನೆ, ಹೋಗಿ ನೋಡಬೇಕು ಎನ್ನುತ್ತಾನೆ. ಇನ್ನೊಬ್ಬ, ಐದು ಜೋಡಿ ಎತ್ತು ಕೊಂಡಿದ್ದೇನೆ, ಹೂಡಿ ನೋಡಬೇಕು ಎನ್ನುತ್ತಾನೆ. ಮೂರನೆಯವನು, ಈಗಷ್ಟೇ ಮದುವೆಯಾಗಿದ್ದೇನೆ, ಬರಲಾರೆ ಎನ್ನುತ್ತಾನೆ. ಅವರು ಯಾಕೆ ಬರಲಿಲ್ಲ, ಒಬ್ಬೊಬ್ಬರು ಒಂದೊಂದು ಇಂಗ್ಲಿಷ್ ವಾಕ್ಯ ಹೇಳಿ ಎಂದಳು.

ಸಾಹುಕಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಪಂಚಾಯ್ತಿಗೆ ಕೂತರೆ ಹೀಗೆಯೇ ಮಾಡುವುದು. "ಕರೆಯಾಕ ಯಾರು ಹೋಗಿದ್ರು?" ಎಂದರು.

"ಆಳು," ಎಂದೆ.

"ಆಳು? ಮನಿ ಹಿರೇರು ಹೋಗಲಿಲ್ಲ?"

"ಇಲ್ಲ. ಆಳೇ ಹೋದ."

"ಹೆಣ್ಮಕ್ಕಳಿಗೆ ಅರಿಷಿಣ ಕುಂಕುಮ ಹಚ್ಚಿ ಕರದ್ರಂತೇನು?" ಇದು ದೊಡ್ಡವ್ವ.

"ಹಾಗೆ ಬರೆದಿಲ್ಲ ದೊಡ್ಡವ್ವ."

"ಬರದಿಲ್ಲಂದ್ರ ಹಚ್ಚಿಲ್ಲ. ಮುಗೀತು."

ಕಂಡಕ್ಟರು ಎದ್ದು ನಿಂತ. ಅವನಿಗೆ ಕೂತು ಮಾತಾಡಿ ರೂಢಿ ಇಲ್ಲ. "ಅಲ್ರಿ ಅಕ್ಕಾರ, ಹೊಲ ತಗೊಂಡ ಮ್ಯಾಲ ನೋಡಾಕ ಹೊಂಟಾನ? ಎತ್ತು ತಗೊಂಡ ಮ್ಯಾಲ ಹೂಡಿ ನೋಡ್ತಾನ? ಐದು ಜೋಡಿ! ಇವ್ರು ಹೇಳಿದ್ದೆಲ್ಲ ಸುಳ್ಳು. ಊಟಕ್ಕ ಹೋಗಾಕ ಮನಸಿರಲಿಲ್ಲ, ಅಷ್ಟ."

"ಮತ್ತ ಮದುವ್ಯಾದವ?" ಎಂದರು ಸಾಹುಕಾರರು.

"ಅವನೊಬ್ಬ ಖರೇ ಹೇಳ್ಯಾನ," ಎಂದಳು ದೊಡ್ಡವ್ವ. "ಅವನ್ನ ಬಿಟ್ಟುಬಿಡ್ರಿ, ಪಾಪ."

ಹುಡುಗಿ ನನ್ನ ಮುಖ ನೋಡಿದಳು. ಊಟಕ್ಕೆ ಕರೆದವನದೇ ತಪ್ಪು ಎಂದು ತೀರ್ಮಾನವಾಗಿದೆ ಎಂದೆ. ನಮ್ಮ ಅಜ್ಜನ ಕಾಲದಿಂದ ಈ ಕಥೆಯ ಮೇಲೆ ಚರ್ಚಿನಲ್ಲಿ ಪ್ರವಚನ ಕೇಳುತ್ತ ಬಂದಿದ್ದೇವೆ, ಕರೆಯಲು ಯಾರು ಹೋಗಿದ್ದರು ಎಂದು ಯಾರೂ ಕೇಳಿರಲಿಲ್ಲ ಎಂದಳು ಅವಳು.

ದೊಡ್ಡವ್ವ ಅವಳ ಬೆನ್ನು ತಟ್ಟಿದಳು. "ಹಿರೇರು ಹೋಗಿ ಕುಂಕುಮ ಹಚ್ಚಿ ಕರದಿದ್ರ ಮೂರೂ ಮಂದಿ ಬರ್ತಿದ್ರು ತಂಗಿ. ಹೊಲ ಎಲ್ಲಿ ಓಡಿ ಹೋಗ್ತಿತ್ತು?"

ವಲ್ಲಿಯ ಕೆಳಗಿನ ಕೈ

ಎತ್ತು ಕೊಳ್ಳುವುದು ಹೇಗೆ ಎಂದು ಸಣ್ಣ ಅಕ್ಕಾರಿಗೆ ತೋರಿಸಲೇಬೇಕು ಎಂದು ಕಂಡಕ್ಟರು ಹಟ ಹಿಡಿದ. ಅವನ ಒಂಟಿ ಎತ್ತಿಗೆ ಜೋಡಿಯೂ ಬೇಕಾಗಿತ್ತು. ಹೊರಗೆ ಹೋದರೆ ಇಂಗ್ಲಿಷ್ ಬಂದೀತು ಎಂದು ಹುಡುಗಿ ಒಪ್ಪಿದಳು. ಹೀಗೆ ನಾವು ಮೂವರು ಹಾವೇರಿಯ ದನದ ಸಂತೆಗೆ ಹೋದೆವು.

ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿಯವನು ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲ್ಲನ್ನು, ಕೈ ಮೇಲೆ ಹೊದಿಸಿ ಚಾಚುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಎಷ್ಟು ಸಲ ಅದುಮಿದ, ಅದೇ ಬೆಲೆ. ಸುತ್ತಲಿನವರಿಗೆ ಏನೂ ತಿಳಿಯುವುದಿಲ್ಲ.

ಕಂಡಕ್ಟರು ಒಂದು ಬಿಳಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ನಾನು ನೆರಳು ಹುಡುಕುತ್ತಿದ್ದೆ. ದಲಾಲಿ ಕಂಡಕ್ಟರಿಗೆಂದು ವಲ್ಲಿ ಹೊದಿಸಿದ ಕೈ ಚಾಚಿದ. ಪಕ್ಕದಲ್ಲಿದ್ದ ಹುಡುಗಿ ನೋಡಿದಳು. ಈ ಕಡೆಯ ಗಂಡಸರು ಹೆಂಗಸರ ಕೈ ಕುಲುಕುವುದಿಲ್ಲ ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಪಾಪ, ಈ ಮನುಷ್ಯ ಸಂಕೋಚದಿಂದ ಕೈ ಮುಚ್ಚಿಕೊಂಡು ಕುಲುಕಲು ಬಂದಿದ್ದಾನೆ ಎಂದುಕೊಂಡಳು. ವಲ್ಲಿಯ ಕೆಳಗೆ ಕೈ ಹಾಕಿ, ಐದೂ ಬೆರಳು ಹಿಡಿದು, ತಮ್ಮ ದೇಶದ ಪದ್ಧತಿಯಂತೆ ಗಟ್ಟಿಯಾಗಿ ಕುಲುಕಿದಳು. ಒಂದು ಸಲವಲ್ಲ. ಹೃತ್ಪೂರ್ವಕವಾಗಿ.

ಒಂದೊಂದು ಕುಲುಕಿಗೂ ದಲಾಲಿಯ ಹುಬ್ಬು ಮೇಲೆ ಹೋಯಿತು. ಎತ್ತಿನ ಮಾಲಕ ಅವನ ಮುಖ ನೋಡಿದ, ಕಣ್ಣಿನಲ್ಲೇ ಏನೋ ಕೇಳಿದ, ಉತ್ತರ ತಿಳಿದು ಅಲ್ಲೇ ಕುಕ್ಕರಿಸಿ ಕೂತ. ಮರುಗಳಿಗೆ ಎದ್ದು ಹಗ್ಗ ಹಿಡಿದು ಹುಡುಗಿಯತ್ತ ಓಡಿ ಬಂದ. ಹಗ್ಗ ಕೈಗೆ ಬಂದರೆ ಎತ್ತು ಬಂದಂತೆ. ಅವಳು ನಗುತ್ತ ಕೈ ಚಾಚಿದಳು. ಎತ್ತನ್ನು ಸವರಲು ಕರೆಯುತ್ತಿದ್ದಾನೆ ಎಂದು ಅವಳ ತಿಳಿವಳಿಕೆ. ನಾನು ಶಾಲೆಯಲ್ಲಿ ಯಾವ ಮಗುವಿನ ಕೈಗೂ ಹೊಡೆದವಳಲ್ಲ. ಆ ದಿನ ಹೊಡೆದೆ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪರದೇಶದ ಹೆಣ್ಣುಮಗಳು ಎತ್ತಿಗೆ ಯಾರೂ ಕೇಳದ ಬೆಲೆ ಹಿಡಿದಿದ್ದಾಳೆ ಎಂದು ಎಲ್ಲ ಕಡೆಯಿಂದ ಎತ್ತುಗಳು ನಮ್ಮತ್ತ ಬರತೊಡಗಿದವು. ಒಬ್ಬ ಎಮ್ಮೆಯನ್ನೂ ತಂದ. ಅವಳು ತಿಳಿಯದೆ ಮಾಡಿದ್ದು ಎಂದು ನಾನು ಒಬ್ಬೊಬ್ಬರಿಗೂ ಕೈ ಮುಗಿದು ಹೇಳುವ ಹೊತ್ತಿಗೆ ಸಂತೆಯಲ್ಲಿ ಯಾರೂ ಬೆಲೆ ಇಳಿಸಲು ತಯಾರಿರಲಿಲ್ಲ. ಕಂಡಕ್ಟರು ಜೋಡಿ ಎತ್ತಿಲ್ಲದೆ ವಾಪಸಾದ.

ಬಸ್ಸಿನಲ್ಲಿ ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ಮೊನ್ನಿ ಕಥ್ಯಾಗ ಎತ್ತು ತಗೊಂಡವ ಸುಳ್ಳ ಹೇಳ್ಯಾನ ಅಂದಿದ್ನೆಲ್ರಿ, ತಪ್ಪಾತು. ಜೊತಿಗೆ ಇಂಥಾ ಅಕ್ಕಾರು ಇದ್ರ, ನೋಡದನ ಐದು ಜೋಡಿ ತಗೋತಿದ್ದ."

ಬ್ಯಾಡಗಿಯ ಅಳು

ಮೆಣಸಿನಕಾಯಿ ಸುಗ್ಗಿ ಬಂತು. ಸಾಹುಕಾರರಿಗೆ ಅಂಗಡಿ ಬಿಟ್ಟು ಬರಲು ಆಗದು. ಕೊನೆಯ ಭಾನುವಾರ ಹತ್ತಿರ ಬರುತ್ತಿದೆ, ಒಬ್ಬ ವಿದ್ಯಾರ್ಥಿಯೂ ಕಡಿಮೆಯಾಗಬಾರದು ಎಂದು ಹುಡುಗಿ, ನಾವೇ ಅಲ್ಲಿಗೆ ಹೋಗೋಣ ಎಂದಳು. ಬೇಡ ಎಂದೆ. ಸುಗ್ಗಿಯಲ್ಲಿ ಬ್ಯಾಡಗಿಯ ರೈಲು ನಿಲ್ದಾಣದಲ್ಲಿ ಇಳಿದರೇ ಸೀನು ಬರುತ್ತದೆ. ಅವಳು ಕೇಳಲಿಲ್ಲ.

ಸಾಹುಕಾರರ ಅಂಗಡಿಯ ಮುಂದೆ ಕೆಂಪು ರಾಶಿಗಳ ನಡುವೆ ಎರಡು ಕುರ್ಚಿ ಹಾಕಿಸಿದ್ದರು. ಪಕ್ಕದಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹುಡುಗಿ ಆರಿಸಿದ್ದು ಬಹಳ ಸಂತೋಷದ ಕಥೆ. ಒಬ್ಬ ಹೆಂಗಸಿನ ಬೆಳ್ಳಿ ನಾಣ್ಯ ಕಳೆದುಹೋಗುತ್ತದೆ, ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ, ಸಿಗುತ್ತದೆ, ನೆರೆಹೊರೆಯವರನ್ನೆಲ್ಲ ಕರೆದು ಸಂತೋಷ ಪಡುತ್ತಾಳೆ. ಮೊದಲ ಸಾಲು ಓದುವಷ್ಟರಲ್ಲಿ ಘಾಟು ಹಿಡಿಯಿತು. ಎರಡನೇ ಸಾಲಿಗೆ ಕಣ್ಣೀರು ಧಾರೆಧಾರೆ. ಅವಳು ಓದುವುದು ಬಿಡಲಿಲ್ಲ. ಬಿಕ್ಕುತ್ತಲೇ ಓದಿದಳು.

ಹೆಂಗಸರ ಕೈಗಳು ನಿಂತವು. "ಏನಂತ್ರಿ ಅಕ್ಕಾರ ಕಥಿ?" ಎಂದು ಒಬ್ಬಳು ಕೇಳಿದಳು. ಹೇಳಿದೆ.

"ಅಯ್ಯ ಪಾಪ. ಸಿಗಲಿಲ್ಲೇನು?"

"ಸಿಕ್ಕಿತು."

"ಸಿಕ್ಕಿದ್ರ ಯಾಕ ಅಳ್ತಾಳ?"

"ಮೆಣಸಿನಕಾಯಿ ಘಾಟಮ್ಮ."

ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ತವರುಮನಿ ನೆನಪಾಗೈತಿ," ಎಂದಳು ಒಬ್ಬಳು. "ಸಣ್ಣ ವಯಸು, ಅಷ್ಟು ದೂರ ಕಳಿಸ್ಯಾರ," ಎಂದಳು ಇನ್ನೊಬ್ಬಳು. ಅವಳೇ ಎದ್ದು ಬಂದು, "ಅಳಬ್ಯಾಡ ನನ್ನವ್ವ," ಎಂದು ಸೆರಗಿನಿಂದ ಹುಡುಗಿಯ ಕಣ್ಣು ಒರೆಸಿದಳು. ಬೆಳಗಿನಿಂದ ಮೆಣಸಿನಕಾಯಿ ರಾಶಿಯಲ್ಲಿ ಹೊರಳಿದ ಸೆರಗು ಅದು. ಹುಡುಗಿ ಕಿರುಚಿದಳು. ದುಃಖ ಹೆಚ್ಚಾಯಿತು ಎಂದು ಇನ್ನಿಬ್ಬರು ಬಂದು ತಮ್ಮ ಸೆರಗಿನಿಂದಲೂ ಒರೆಸಿದರು. ಅವಳ ಅಳು ನೋಡಿ ಅವರಿಗೆ ತಮ್ಮ ತಮ್ಮ ತವರು ನೆನಪಾಯಿತು. ಒಬ್ಬಳು ತವರಿಗೆ ಹೋಗಿ ಎಷ್ಟು ದಿನವಾಯಿತೆಂದು ಹೇಳಿಕೊಂಡು ಅತ್ತಳು, ಇನ್ನೊಬ್ಬಳು ಅಣ್ಣ ಪಂಚಮಿಗೆ ಕರೆಯಲು ಬರಲಿಲ್ಲವೆಂದು ಅತ್ತಳು. ಸಮುದ್ರ ನೆನೆದು ನಾನೂ ಸ್ವಲ್ಪ ಅತ್ತೆ, ಸುಳ್ಳು ಯಾಕೆ ಹೇಳಲಿ.

ಸಾಹುಕಾರರು ಓಡಿ ಬಂದರು. "ಕೆಲಸಾ ಬಿಟ್ಟು ಏನು ನಡಸೀರಿ ಇದು? ಅಕ್ಕಾರ, ಮುಂದಿನ ಸರ್ತಿ ಅಳೂ ಕಥಿ ತರಬ್ಯಾಡ್ರಿ!"

"ಕಥೆ ಸಂತೋಷದ್ದೇ ಸಾಹುಕಾರ್ರೆ. ಘಾಟಿಗೆ ಕಣ್ಣೀರು ಬಂದದ್ದು, ಇವರು ಕೇಳುತ್ತಿಲ್ಲ."

ಮೊದಲು ಕಣ್ಣು ಒರೆಸಿದವಳು ನನ್ನನ್ನು ಕನಿಕರದಿಂದ ನೋಡಿದಳು. "ನಾವು ಮದುವ್ಯಾದಾಗಿಂದ ಇಲ್ಲೇ ಕೂತೇವಿ. ಮೆಣಸಿನಕಾಯಿಗೆ ಯಾರರ ಅಳ್ತಾರೇನ್ರಿ?"

ಕೊನೆಯ ಭಾನುವಾರ

ಕಡೆಗೂ ಆ ದಿನ ಬಂತು. ನಮಗೆ ಸಂಜೆ ನಾಲ್ಕು, ಅವರಿಗೆ ಭಾನುವಾರದ ಬೆಳಗು. ಹುಡುಗಿ ಒಬ್ಬೊಬ್ಬರಿಗೂ ಎರಡೆರಡು ವಾಕ್ಯ ಬಾಯಿಪಾಠ ಮಾಡಿಸಿದ್ದಳು. ನನಗೆ ಮಾತ್ರ ಒಂದು ಕಟ್ಟಳೆ ಹಾಕಿದ್ದಳು. "ಈ ದಿನ ನೀವು ಬಾಯಿ ತೆರೆಯಬಾರದು. ನೀವು ಅನುವಾದ ಮಾಡಿದರೆ ಅವರು ಕಲಿತಿಲ್ಲ ಎಂದಾಗುತ್ತದೆ." ಒಪ್ಪಿಕೊಂಡೆ.

ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟಳು. ಪರದೆಯ ಮೇಲೆ ಆ ಚರ್ಚು ಕಾಣಿಸಿತು. ಬೆಂಚುಗಳಲ್ಲಿ ಕೋಟು ಹಾಕಿದ ಮುದುಕರು, ಮುದುಕಿಯರು, ಕೆಲವು ಮಕ್ಕಳು. ಮುಂದೆ ಅವರ ಹಿರಿಯ, ಉದ್ದನೆಯ ತೆಳ್ಳನೆಯ ಮನುಷ್ಯ. ಅವನು ನಮಸ್ಕಾರ ಹೇಳಿ, ನೀವು ಯಾವ ಯಾವ ಕಥೆ ಓದಿದಿರಿ, ಹೇಳಿ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದ.

ಸಾಹುಕಾರರು ಎದ್ದು ನಿಂತರು. ಬಾಯಿ ತೆರೆದರು. ಮುಚ್ಚಿದರು. ಕೂತರು. ದಿನವಿಡೀ ಬಸ್ಸಿನಲ್ಲಿ ಕೂಗುವ ಕಂಡಕ್ಟರು ಕುತ್ತಿಗೆ ತಗ್ಗಿಸಿ ತನ್ನ ಚಪ್ಪಲಿ ನೋಡಿದ. ಹಿಂದಿನ ಸಾಲಿನಲ್ಲಿ ಒಬ್ಬರು ಇನ್ನೊಬ್ಬರನ್ನು ತಿವಿದರು. ಹುಡುಗಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಹಿರಿಯ ಕೆಮ್ಮಿದ. ಎಲ್ಲ ಮುಗಿಯಿತು ಎಂದುಕೊಂಡೆ.

ಕಣ್ಣು ಮಂದವೆಂದು ದೊಡ್ಡವ್ವ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಕೂತಿದ್ದಳು. "ಎಷ್ಟು ಸೊರಗ್ಯಾನ ನೋಡ್ರಿ," ಎಂದಳು. "ಅಲ್ಲೀಗ ಎಷ್ಟೊತ್ತು ಅಕ್ಕಾರ? ನಾಷ್ಟಾ ಆಗೈತ್ಯಂತೇನು?"

ನಾನು ಬಾಯಿಗೆ ಬೆರಳಿಟ್ಟು, ನೀವೇ ಕೇಳಿ ಎಂದು ಕೈ ತೋರಿಸಿದೆ.

ದೊಡ್ಡವ್ವ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಪರದೆಗೆ ತಿರುಗಿದಳು. "ಸಾರ್. ಯೂ ಈಟ್?"

ಹಿರಿಯ ಬೆಚ್ಚಿದ. ಇನ್ನೂ ಇಲ್ಲ, ಪ್ರಾರ್ಥನೆ ಮುಗಿದ ಮೇಲೆ ಎಂದ.

"ನೋ ಈಟ್?" ದೊಡ್ಡವ್ವ ವರ್ಗದ ಕಡೆ ತಿರುಗಿದಳು. "ಏ, ಉಪಾಸ ಕುಂತಾರ ಎಲ್ಲಾರೂ!"

ಇಷ್ಟು ಹೇಳಿದ್ದೇ ಸಾಕಾಯಿತು. ನಮ್ಮ ಕಡೆ ಹೊಟ್ಟೆ ಹಸಿದವರನ್ನು ಎದುರಿಗೆ ಕೂರಿಸಿಕೊಂಡು ಯಾರೂ ಮಾತು ತೆಗೆಯುವುದಿಲ್ಲ, ಅವರು ಸಾಲಗಾರರಾದರೂ ಸರಿ, ಬೀಗರಾದರೂ ಸರಿ. ಸಾಹುಕಾರರು ದಡಕ್ಕನೆ ಎದ್ದರು. "ಸಾರ್! ಓಲ್ಡ್ ಮ್ಯಾನ್ ಸಿಟ್ಟಿಂಗ್, ಚಿಲ್ಡ್ರನ್ ಸಿಟ್ಟಿಂಗ್, ನೋ ಫುಡ್! ವೈ ಸಾರ್?"

"ಟೀ ಇದೆ, ಬಿಸ್ಕಿಟ್ ಇದೆ, ಹಿಂದಿನ ಕೋಣೆಯಲ್ಲಿ, ಆಮೇಲೆ," ಎಂದ ಹಿರಿಯ, ತಪ್ಪು ಮಾಡಿದವನಂತೆ.

"ನೋ ಆಮ್ಯಾಲ! ನೌ!" ಎಂದ ಕಂಡಕ್ಟರು. ಈಗ ಅವನಿಗೆ ಬಸ್ಸು ಸಿಕ್ಕಿತ್ತು. "ಗೋ! ಈಟ್! ಕಮ್! ವಿ ವೇಟ್! ಲೇಡೀಸ್ ಫಸ್ಟ್, ಲೇಡೀಸ್ ಫಸ್ಟ್! ಬ್ಲೂ ಕೋಟ್ ಅಜ್ಜಾ, ನೋ ಪುಷಿಂಗ್! ಬ್ಯಾಕ್ ಸೀಟ್, ಕಮ್ ಕಮ್, ಪ್ಲೇಸ್ ಐತಿ!"

ಸ್ಕಾಟ್ಲೆಂಡಿನ ಒಂದು ಚರ್ಚು ಇಡಿಯಾಗಿ ಎದ್ದು ಸಾಲು ಹಿಡಿದು ಹಿಂದಿನ ಕೋಣೆಗೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಒಬ್ಬೊಬ್ಬರಾಗಿ ಬಟ್ಟಲು ಹಿಡಿದು ವಾಪಸು ಬಂದರು. ಒಬ್ಬೊಬ್ಬರಿಗೂ ನಮ್ಮವರ ವಿಚಾರಣೆ ನಡೆಯಿತು. "ಮ್ಯಾಡಮ್, ಓನ್ಲಿ ಟೂ ಬಿಸ್ಕಿಟ್? ಟೇಕ್ ಫೋರ್." "ಹೂ ಕುಕ್ ಯುವರ್ ಹೌಸ್? ಯು ಕುಕ್? ಡಾಟರ್ ಇನ್ ಲಾ ನೋ ಕುಕ್?" ಆ ಕಡೆಯ ಒಬ್ಬ ಮುದುಕಿ ಸೊಸೆಯ ವಿಷಯ ಬಂದದ್ದೇ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಅವಳೂ ದೊಡ್ಡವ್ವನೂ ಏನು ಮಾತಾಡಿದರೋ ಇಬ್ಬರ ಇಂಗ್ಲಿಷೂ ನನಗೆ ತಿಳಿಯಲಿಲ್ಲ, ಅವರಿಗೆ ಮಾತ್ರ ಪೂರ್ತಿ ತಿಳಿಯಿತು. ಊಟದಲ್ಲಿ ಮೆಣಸಿನಕಾಯಿ ಹಾಕುವುದಿಲ್ಲ ಎಂದ ಒಬ್ಬನಿಗೆ ಸಾಹುಕಾರರು ಬ್ಯಾಡಗಿ ಕಾಯಿಯ ಬಣ್ಣದ ಬಗ್ಗೆ ನಿಲ್ಲದೆ ಹೇಳಿದರು. ಹತ್ತು ನಿಮಿಷ ಯಾವಾಗಲೋ ದಾಟಿತ್ತು. ಗಂಟೆಯೂ ದಾಟಿತು. ಹುಡುಗಿ ಗೋಡೆಗೆ ಒರಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕೊನೆಗೆ ಆ ಹಿರಿಯ ಬಟ್ಟಲು ಕೆಳಗಿಟ್ಟ. ಇಷ್ಟು ವರ್ಷದಲ್ಲಿ ನಮ್ಮ ಚರ್ಚಿಗೆ ಬಂದವರು ಬಹಳ ಕೇಳಿದ್ದಾರೆ, ತಿಂದಿರಾ ಎಂದು ಯಾರೂ ಕೇಳಿರಲಿಲ್ಲ ಎಂದ. ಹುಡುಗಿಯನ್ನು ಬರುವ ವರ್ಷವೂ ಖಂಡಿತ ಕಳಿಸುತ್ತೇವೆ, ಆದರೆ ನಾನೂ ಜೊತೆಗೆ ಬರುತ್ತೇನೆ ಎಂದ. ನಮ್ಮವರು ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು, ಪುಸ್ತಕ ಕೈಗೆ ತೆಗೆದುಕೊಂಡು, ಈಗಲಾದರೂ ಹೇಳಿ, ಯಾವ ಕಥೆ ಓದಿದಿರಿ ಎಂದ.

ದೊಡ್ಡವ್ವ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಹೊಟ್ಟೆ ತುಂಬಿದವರು ಮುಂದೆ ಏನು ಮಾಡಬೇಕು ಎಂಬುದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

"ಈಟ್ ಫಿನಿಶ್ ಸಾರ್," ಎಂದಳು ಮೃದುವಾಗಿ. "ನೌ ಸ್ಲೀಪ್. ಗುಡ್ ನೈಟ್."

ಎಂದವಳೇ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಅಲ್ಲಿ ಆಗಿನ್ನೂ ಮಧ್ಯಾಹ್ನ ಆಗಿರಲಿಲ್ಲ, ಪ್ರಾರ್ಥನೆಯೇ ಶುರುವಾಗಿರಲಿಲ್ಲ.